ಸಾಲ ತಗೊಂಡವರದ್ದೇ ತಪ್ಪಾ? 2008ರ ಲೆಕ್ಕ ಯಾರ ತಲೆಗೆ?

ಪ್ರಶ್ನೆ: ನಾನು ದಾವಣಗೆರೆ ಕಡೆಯವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಮ್ಮ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಮೊನ್ನೆ ಊರಿಗೆ ಬಂದಿದ್ದಾಗ 2008ರ ಆರ್ಥಿಕ ಕುಸಿತದ ಮಾತು ಬಂತು. "ಅದೆಲ್ಲ ಬಡವರು ಹಾಸಿಗೆ ನೋಡಿಕೊಳ್ಳದೆ ಕಾಲು ಚಾಚಿದ್ದರಿಂದ ಆದದ್ದು ಮಾಮ. ಸಾಲ ತಗೊಂಡರು, ಕಟ್ಟಲಿಲ್ಲ, ಬ್ಯಾಂಕ್ ಮುಳುಗಿತು" ಅಂದ. ನನಗೆ ಒಪ್ಪಿಗೆ ಆಗಲಿಲ್ಲ, ಆದರೆ ಉತ್ತರ ಕೊಡೋಕೂ ಬರಲಿಲ್ಲ. ನಿಜವಾಗಿ ಯಾರು ಹೊಣೆ? ಅಷ್ಟು ದೊಡ್ಡ ಪೆಟ್ಟು ಬಿದ್ದ ಮೇಲೂ ಶ್ರೀಮಂತರು ಇನ್ನಷ್ಟು ಶ್ರೀಮಂತರೇ ಆದರಲ್ಲ, ಅದು ಹೇಗೆ?

ಉತ್ತರ: ಮೇಷ್ಟ್ರೇ, ನಿಮ್ಮ ಅಳಿಯ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕಟ್ಟಲಾಗದ ಸಾಲ ತಗೊಂಡವರು ಲಕ್ಷಗಟ್ಟಲೆ ಇದ್ದರು. ಆದರೆ ಇನ್ನೊಂದು ಪ್ರಶ್ನೆಯನ್ನು ಅವನು ಕೇಳಿಕೊಂಡಿಲ್ಲ. ಕಟ್ಟಲಾಗದವರಿಗೆ ಸಾಲ ಕೊಟ್ಟವರು ಯಾಕೆ ಕೊಟ್ಟರು? ನಿಮ್ಮೂರಿನ ಸೊಸೈಟಿ ಸೆಕ್ರೆಟರಿ ಪಹಣಿ ನೋಡದೆ, ಜಾಮೀನು ಕೇಳದೆ, ಅರ್ಜಿಯಲ್ಲಿ ಬರೆದ ಆದಾಯವನ್ನೇ ನಂಬಿ ದುಡ್ಡು ಎಣಿಸಿ ಕೊಡ್ತಾನಾ? ಕೊಟ್ಟರೆ ಊರವರು ಮೊದಲು ಹಿಡಿದು ಕೇಳೋದು ಯಾರನ್ನ?

ಇದರಲ್ಲಿ ಸ್ವಲ್ಪ ನಾನು ಕಣ್ಣಾರೆ ಕಂಡದ್ದೂ ಇದೆ. 2006ರಲ್ಲಿ ನಾನು ಬೆಂಗಳೂರಿನ ಒಂದು ಬ್ಯಾಕ್ ಆಫೀಸ್‌ನಲ್ಲಿ ನೈಟ್ ಶಿಫ್ಟ್ ಮಾಡ್ತಿದ್ದೆ. ಅಮೆರಿಕದ ಒಂದು ಸಾಲ ಕಂಪನಿಯ ಮನೆ ಸಾಲದ ಫೈಲುಗಳು ನಮ್ಮ ಸ್ಕ್ರೀನಿಗೆ ಬರುತ್ತಿದ್ದವು. ರಾತ್ರಿಗೆ ನಲವತ್ತು ಫೈಲ್ ಟಾರ್ಗೆಟ್. ಅರ್ಜಿ ಇದೆಯಾ, ಸಹಿ ಇದೆಯಾ, ಮನೆ ಬೆಲೆಯ ವರದಿ ಇದೆಯಾ ಅಂತ ನೋಡಿ ಟಿಕ್ ಹಾಕೋದು. ಒಂದು ರಾತ್ರಿ ಕ್ಯಾಲಿಫೋರ್ನಿಯಾದ ಒಂದು ಫೈಲ್ ಬಂತು. ಹೋಟೆಲ್ ರೂಮ್ ಕ್ಲೀನ್ ಮಾಡುವ ಹೆಂಗಸಿನದು. ತಿಂಗಳ ಆದಾಯದ ಜಾಗದಲ್ಲಿ 9,500 ಡಾಲರ್ ಅಂತಿತ್ತು. ಪಕ್ಕದಲ್ಲಿ ಸಂಬಳದ ಚೀಟಿ ಇಲ್ಲ, ಏನೂ ಇಲ್ಲ. ಅರ್ಜಿದಾರರು ಹೇಳಿದ ಆದಾಯ ಅಂತ ಒಂದು ಗುರುತು, ಅಷ್ಟೇ. ನನಗೇ ನಗು ಬಂತು. ಟೀಮ್ ಲೀಡರನ್ನು ಕರೆದು ತೋರಿಸಿದೆ. "ಆದಾಯ ನಿಜವಾ ಅಂತ ನೋಡೋದು ನಮ್ಮ ಸ್ಕೋಪಲ್ಲಿ ಇಲ್ಲ ಗುರು, ಸಹಿ ಇದ್ಯಾ ನೋಡು, ಮುಂದೆ ಹೋಗು" ಅಂದರು. ಸಹಿ ಇತ್ತು. ನಾನು ಮುಂದೆ ಹೋದೆ.

ಆ 9,500 ಬರೆದದ್ದು ಆ ಹೆಂಗಸೋ, ಅವರ ಪರವಾಗಿ ಫಾರಂ ತುಂಬಿದ ಬ್ರೋಕರೋ ನನಗೆ ಗೊತ್ತಾಗಲಿಲ್ಲ. ಬ್ರೋಕರ್‌ಗೆ ಸಾಲ ಪಾಸಾದರೆ ಕಮಿಷನ್, ಬಡ್ಡಿ ಜಾಸ್ತಿ ಹಾಕಿಸಿದರೆ ಇನ್ನೂ ಜಾಸ್ತಿ ಕಮಿಷನ್. ಸಾಲ ಕೊಟ್ಟ ಕಂಪನಿಗೂ ಚಿಂತೆ ಇರಲಿಲ್ಲ, ಯಾಕೆಂದರೆ ಅದು ಆ ಸಾಲವನ್ನು ತನ್ನ ಹತ್ತಿರ ಇಟ್ಟುಕೊಳ್ಳುತ್ತಿರಲಿಲ್ಲ. ಕೆಲವೇ ವಾರಗಳಲ್ಲಿ ನ್ಯೂಯಾರ್ಕಿನ ವಾಲ್ ಸ್ಟ್ರೀಟಿನ ದೊಡ್ಡ ಬ್ಯಾಂಕಿಗೆ ಮಾರಿಬಿಡುತ್ತಿತ್ತು. ಆ ಬ್ಯಾಂಕ್ ಇಂಥ ಸಾವಿರಾರು ಸಾಲಗಳನ್ನು ಒಟ್ಟುಮಾಡಿ, ಬಾಂಡ್ ಮಾಡಿ, ಅಂದರೆ ಆ ಕಂತಿನ ದುಡ್ಡಲ್ಲಿ ಪಾಲು ಸಿಗುವ ಪತ್ರ ಮಾಡಿ, ಜರ್ಮನಿಯಂಥ ದೂರದ ದೇಶದ ಬ್ಯಾಂಕಿಗೆ ಮಾರುತ್ತಿತ್ತು. ಯಾರದ್ದೋ ದುಡ್ಡು, ಯಲ್ಲಮ್ಮನ ಜಾತ್ರೆ ಅಂತೀವಲ್ಲ, ಹಾಗೆ. ಸಾಲ ಮುಳುಗಿದರೆ ನಷ್ಟ ಯಾರಿಗೆ ಅನ್ನೋದು, ಸಾಲ ಕೊಡುವ ಮೇಜಿನ ಹಿಂದೆ ಕೂತವನಿಗೆ ಸಂಬಂಧವೇ ಇಲ್ಲದ ವಿಷಯ ಆಗಿಬಿಟ್ಟಿತು.

ಆ ಬಾಂಡ್ ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಹೇಳಬೇಕು, ಏಕೆಂದರೆ ಹೊಣೆಯ ದೊಡ್ಡ ಪಾಲು ಅಲ್ಲೇ ಅಡಗಿದೆ. ನೀವು ದಾವಣಗೆರೆಯವರು, ಭದ್ರಾ ನಾಲೆಯ ಕೊನೆ ಭಾಗದ ರೈತರ ಗೋಳು ನಿಮಗೆ ನಾನು ಹೇಳಬೇಕಾಗಿಲ್ಲ. ನಾಲೆಯಲ್ಲಿ ನೀರು ಬಿಟ್ಟರೆ ಮೇಲಿನವರ ಗದ್ದೆ ಮೊದಲು ತುಂಬುತ್ತೆ, ಉಳಿದರೆ ಮಾತ್ರ ಕೆಳಗಿನವರಿಗೆ. ಈ ಬಾಂಡೂ ಹಾಗೇ. ಸಾವಿರಾರು ಮನೆಗಳ ಕಂತು ಒಂದು ನಾಲೆಗೆ ಬಂದು ಬೀಳುತ್ತೆ. ಮೇಲಿನ ಭಾಗ ಕೊಂಡವರಿಗೆ ಮೊದಲು ದುಡ್ಡು, ಕೊನೆ ಭಾಗ ಕೊಂಡವರಿಗೆ ಉಳಿದರೆ ಮಾತ್ರ. ಬಾಂಡ್ ಎಷ್ಟು ಭದ್ರ ಅಂತ ದರ್ಜೆ ಕೊಡುವ ರೇಟಿಂಗ್ ಕಂಪನಿ, ಮೇಲಿನ ಭಾಗಕ್ಕೆ ಟ್ರಿಪಲ್ ಎ, ಅಂದರೆ ಅತಿ ಭದ್ರ ಅನ್ನೋ ಮುದ್ರೆ ಒತ್ತಿತು. ಇಲ್ಲಿಯವರೆಗೆ ತಕ್ಕಮಟ್ಟಿಗೆ ಸರಿ.

ಕೊನೆ ಭಾಗ ಯಾರೂ ಕೊಳ್ಳಲ್ಲವಲ್ಲ? ಅದಕ್ಕೆ ಏನು ಮಾಡಿದರು ಅಂದರೆ, ನೂರು ನಾಲೆಗಳ ಕೊನೆ ಭಾಗದ ಗದ್ದೆಗಳನ್ನೆಲ್ಲ ಒಟ್ಟು ಸೇರಿಸಿ ಅದನ್ನೇ ಹೊಸ ನಾಲೆ ಅಂತ ಕರೆದು, ಅದರಲ್ಲಿ ಮತ್ತೆ ಮೇಲಿನ ಭಾಗ, ಕೆಳಗಿನ ಭಾಗ ಅಂತ ಮಾಡಿ, ಆ ಮೇಲಿನ ಭಾಗಕ್ಕೂ ಟ್ರಿಪಲ್ ಎ ಮುದ್ರೆ ಒತ್ತಿಸಿಕೊಂಡರು. ವಾದ ಏನು? ನೂರು ನಾಲೆಗೂ ಒಂದೇ ಸಲ ಬರ ಬರಲ್ಲ ಅಂತ. ಆದರೆ ಆ ನೂರೂ ನಾಲೆಗಳಿಗೆ ನೀರು ಬರುತ್ತಿದ್ದದ್ದು ಒಂದೇ ಡ್ಯಾಮಿನಿಂದ. ಆ ಡ್ಯಾಮಿನ ಹೆಸರು ಮನೆ ಬೆಲೆ. ದೇಶದ ತುಂಬ ಮನೆ ಬೆಲೆ ಏರುತ್ತಾ ಇರುವವರೆಗೆ ಕಂತು ಕಟ್ಟಲಾಗದವನೂ ಮನೆ ಮಾರಿಯೋ ಹೊಸ ಸಾಲ ತಗೊಂಡೋ ಪಾರಾಗುತ್ತಿದ್ದ. 2006ರಲ್ಲಿ ಬೆಲೆ ನಿಂತಿತು, ಆಮೇಲೆ ಇಳಿಯಿತು, ಕಾಲುಭಾಗಕ್ಕಿಂತ ಜಾಸ್ತಿ ಇಳಿಯಿತು. ಕೊನೆ ಭಾಗದ ಗದ್ದೆಗಳೆಲ್ಲ ಒಟ್ಟಿಗೆ ಒಣಗಿದವು.

ರೇಟಿಂಗ್ ಕಂಪನಿಗಳ ಬಗ್ಗೆ ನನಗೆ ಇವತ್ತಿಗೂ ಸಿಟ್ಟು ಇದೆ. ಅವರಿಗೆ ಫೀಸು ಕೊಡುತ್ತಿದ್ದವರು ಬಾಂಡ್ ಮಾಡಿ ಮಾರುವ ಬ್ಯಾಂಕಿನವರೇ. ನಿಮ್ಮ ಸ್ಕೂಲಲ್ಲಿ ಹುಡುಗನೇ ಮೇಷ್ಟ್ರಿಗೆ ದುಡ್ಡು ಕೊಟ್ಟು ಪೇಪರ್ ತಿದ್ದಿಸಿಕೊಂಡ ಹಾಗೆ, ಒಬ್ಬರು ಕಡಿಮೆ ಮಾರ್ಕ್ಸ್ ಕೊಟ್ಟರೆ ಪಕ್ಕದ ಮೇಷ್ಟ್ರ ಹತ್ತಿರ ಹೋದ ಹಾಗೆ. 2006ರಲ್ಲಿ ಮೂಡೀಸ್ ಒಂದೇ ಸಂಸ್ಥೆ ಕೆಲಸದ ದಿನಕ್ಕೆ 30ರಂತೆ ಮನೆ ಸಾಲದ ಬಾಂಡ್‌ಗಳಿಗೆ ಟ್ರಿಪಲ್ ಎ ಕೊಟ್ಟಿತ್ತು. ಆ ವರ್ಷದ ಟ್ರಿಪಲ್ ಎ ಬಾಂಡ್‌ಗಳಲ್ಲಿ 100ಕ್ಕೆ 83ರ ದರ್ಜೆಯನ್ನು ಆಮೇಲೆ ಇಳಿಸಬೇಕಾಯಿತು. ಮುಂದೆ ಕೇಸ್ ನಡೆದು 2015ರಲ್ಲಿ ಎಸ್ ಅಂಡ್ ಪಿ ಅನ್ನೋ ಇನ್ನೊಂದು ರೇಟಿಂಗ್ ಕಂಪನಿ 137.5 ಕೋಟಿ ಡಾಲರ್, 2017ರಲ್ಲಿ ಮೂಡೀಸ್ 86.4 ಕೋಟಿ ಡಾಲರ್ ಕಟ್ಟಿ ಮುಗಿಸಿಕೊಂಡವು. ಎರಡೂ ಇವತ್ತಿಗೂ ರೇಟಿಂಗ್ ಕೊಡುತ್ತಿವೆ. ಫೀಸು ಇವತ್ತಿಗೂ ಹೆಚ್ಚಾಗಿ ಬಾಂಡ್ ಮಾರುವವರದ್ದೇ.

ಈಗ "ಬಡವರು ಕಟ್ಟಲಿಲ್ಲ, ಬ್ಯಾಂಕ್ ಮುಳುಗಿತು" ಅನ್ನೋ ಮಾತಿಗೆ ಬರೋಣ. ಲೆಕ್ಕ ಹಾಕಿ ನೋಡಿ. 2007ರಲ್ಲಿ ಅಮೆರಿಕದಲ್ಲಿದ್ದ ಸಬ್‌ಪ್ರೈಮ್ ಸಾಲ, ಅಂದರೆ ಸಾಲದ ಚರಿತ್ರೆ ಅಷ್ಟು ಚೆನ್ನಾಗಿಲ್ಲದವರಿಗೆ ಕೊಟ್ಟ ಮನೆ ಸಾಲ, ಒಟ್ಟು ಸುಮಾರು 1.3 ಲಕ್ಷ ಕೋಟಿ ಡಾಲರ್. ಅಷ್ಟೂ ಮುಳುಗಲಿಲ್ಲ, ಒಂದು ಭಾಗ ಮುಳುಗಿತು. ಅದಕ್ಕೂ ಮುಂಚೆ 2000ದಿಂದ 2002ರವರೆಗೆ ಡಾಟ್‌ಕಾಮ್ ಗುಳ್ಳೆ, ಅಂದರೆ ಇಂಟರ್ನೆಟ್ ಕಂಪನಿಗಳ ಷೇರು ಬೆಲೆಯ ಉಬ್ಬರ, ಒಡೆದಾಗ ಷೇರುಪೇಟೆಯಲ್ಲಿ ಕರಗಿದ್ದು ಸುಮಾರು 5 ಲಕ್ಷ ಕೋಟಿ ಡಾಲರ್. ಆಗ ವಾಲ್ ಸ್ಟ್ರೀಟಿನ ಬ್ಯಾಂಕುಗಳು ಮುಳುಗಲಿಲ್ಲ. ಸಣ್ಣ ನಷ್ಟಕ್ಕೆ ಮುಳುಗಿದ್ದು ಯಾಕೆ?

ಸಾಲದ ದುಡ್ಡಲ್ಲಿ ಜೂಜಾಡಿದ್ದಕ್ಕೆ. ಲೇಮನ್ ಬ್ರದರ್ಸ್ ಅನ್ನೋ ವಾಲ್ ಸ್ಟ್ರೀಟ್ ಬ್ಯಾಂಕಿನ ಹತ್ತಿರ 1 ಡಾಲರ್ ಸ್ವಂತ ದುಡ್ಡಿಗೆ ಸುಮಾರು 30 ಡಾಲರ್ ಆಸ್ತಿ ಇತ್ತು, ಉಳಿದದ್ದೆಲ್ಲ ಸಾಲ. ಅದರಲ್ಲಿ ದೊಡ್ಡ ಪಾಲು ದಿನದಿನಕ್ಕೆ ಹೊಸದಾಗಿ ಎತ್ತುವ ಕೈಸಾಲ. ಆಸ್ತಿ ಬೆಲೆ 100ಕ್ಕೆ 4 ಇಳಿದರೆ ಸ್ವಂತ ಬಂಡವಾಳ ಖತಂ. 1850ರಲ್ಲಿ ಹುಟ್ಟಿದ ಆ ಸಂಸ್ಥೆ 2008ರ ಸೆಪ್ಟೆಂಬರ್ 15ರಂದು ದಿವಾಳಿ ಅರ್ಜಿ ಹಾಕಿತು. ಹಾಸಿಗೆ ನೋಡದೆ ಕಾಲು ಚಾಚಿದ್ದು ಅಂತ ನಿಮ್ಮ ಅಳಿಯ ಹೇಳಿದನಲ್ಲ, ಆ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತೆ. ಹೋಟೆಲ್ ಕ್ಲೀನ್ ಮಾಡುವ ಹೆಂಗಸು ಆದಾಯದ ಹತ್ತು ಪಟ್ಟು ಸಾಲ ಮಾಡಿದರೆ ತಪ್ಪು, ಬ್ಯಾಂಕ್ ತನ್ನ ದುಡ್ಡಿನ ಮೂವತ್ತು ಪಟ್ಟು ಮಾಡಿದರೆ ಜಾಣತನ ಅಂತ ಆಗಿತ್ತು.

ಲೇಮನ್ ಬಿದ್ದ ಮರುದಿನವೇ ಎಐಜಿ ಅನ್ನೋ ವಿಮಾ ಕಂಪನಿಗೆ ಸರ್ಕಾರ 8,500 ಕೋಟಿ ಡಾಲರ್ ಕೊಡಬೇಕಾಯಿತು, ಕೊನೆಗೆ ಅದು 18,200 ಕೋಟಿವರೆಗೆ ಬೆಳೆಯಿತು. ಈ ಕಂಪನಿಯ ಒಂದು ಸಣ್ಣ ವಿಭಾಗ, ಈ ಬಾಂಡ್‌ಗಳು ಮುಳುಗಿದರೆ ದುಡ್ಡು ಕೊಡ್ತೀವಿ ಅಂತ ವಿಮೆಯ ಥರದ ಕರಾರುಗಳನ್ನು ಮಾರಿತ್ತು. ಪ್ರೀಮಿಯಂ ತಗೊಂಡರು, ಬೋನಸ್ ಹಂಚಿಕೊಂಡರು, ಕೊಡಬೇಕಾಗಿ ಬಂದರೆ ಅಂತ ದುಡ್ಡು ಮಾತ್ರ ತೆಗೆದಿಡಲಿಲ್ಲ. ಕಾನೂನಿನಲ್ಲಿ ಅದನ್ನು ವಿಮೆ ಅಂತ ಕರೆದಿರಲಿಲ್ಲ, ಹಾಗಾಗಿ ತೆಗೆದಿಡಬೇಕು ಅನ್ನೋ ನಿಯಮವೂ ಇರಲಿಲ್ಲ.

ಆ ನಿಯಮ ಯಾಕೆ ಇರಲಿಲ್ಲ ಅನ್ನೋದಕ್ಕೆ ಹೆಸರು, ತಾರೀಖು ಎರಡೂ ಇದೆ. 1998ರಲ್ಲಿ ಬ್ರೂಕ್ಸ್‌ಲಿ ಬಾರ್ನ್ ಅಂತ ಒಬ್ಬ ಅಧಿಕಾರಿ ಇದ್ದರು, ಫ್ಯೂಚರ್ಸ್ ವಹಿವಾಟು ನೋಡುವ ಆಯೋಗದ ಅಧ್ಯಕ್ಷೆ. ಈ ಕರಾರುಗಳು ಕತ್ತಲಲ್ಲಿ ನಡೀತಿವೆ, ನಿಯಂತ್ರಣ ಬೇಕಾ ಅಂತ ಚರ್ಚೆ ಮಾಡೋಣ ಅಂದರು. ಚರ್ಚೆ ಮಾಡೋಣ ಅಂದದ್ದಕ್ಕೇ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಅಲನ್ ಗ್ರೀನ್‌ಸ್ಪ್ಯಾನ್, ಖಜಾನೆಯ ರಾಬರ್ಟ್ ರೂಬಿನ್, ಲ್ಯಾರಿ ಸಮ್ಮರ್ಸ್ ಎಲ್ಲ ಸೇರಿ ಅವರ ಬಾಯಿ ಮುಚ್ಚಿಸಿದರು. 1999ರಲ್ಲಿ ಅವರು ಹುದ್ದೆ ಬಿಟ್ಟು ಹೋದರು. 2000ದಲ್ಲಿ ಇಂಥ ಕರಾರುಗಳನ್ನು ನಿಯಂತ್ರಣದಿಂದ ಹೊರಗಿಡುವ ಕಾನೂನೇ ಬಂತು. ಕ್ಲಿಂಟನ್ ಸಹಿ ಹಾಕಿದ್ದು, ಎರಡೂ ಪಕ್ಷದವರು ಕೈ ಎತ್ತಿದ್ದು. ಹಾಗಾಗಿ ಇದು ಒಂದೇ ಪಕ್ಷದ ಪಾಪ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇನ್ನು ಗ್ರೀನ್‌ಸ್ಪ್ಯಾನ್ 2003ರ ಜೂನ್‌ನಿಂದ ಒಂದು ವರ್ಷ ಬಡ್ಡಿಯನ್ನು 1 ಪರ್ಸೆಂಟ್‌ನಲ್ಲೇ ಇಟ್ಟರು. ಕೆಟ್ಟ ಮನೆ ಸಾಲ ತಡೆಯುವ ಅಧಿಕಾರವನ್ನು 1994ರ ಒಂದು ಕಾನೂನು ಅವರ ಕೈಗೇ ಕೊಟ್ಟಿತ್ತು. ಬಳಸಲಿಲ್ಲ. 2008ರ ಅಕ್ಟೋಬರ್‌ನಲ್ಲಿ ಸಂಸತ್ತಿನ ಸಮಿತಿ ಮುಂದೆ ಕೂತು, ಬ್ಯಾಂಕುಗಳು ತಮ್ಮ ಹಿತ ತಾವೇ ಕಾಯ್ದುಕೊಳ್ಳುತ್ತವೆ ಅಂದುಕೊಂಡದ್ದು ತಪ್ಪಾಯಿತು ಅಂತ ಒಪ್ಪಿಕೊಂಡರು. ಕೋಟೆ ಸೂರೆ ಹೋದ ಮೇಲೆ.

ನಿಮ್ಮ ಅಳಿಯನ ವಾದಕ್ಕೆ ಒಂದು ಗಟ್ಟಿ ರೂಪವೂ ಇದೆ, ಅದನ್ನು ಮುಚ್ಚಿಡೋದು ಸರಿಯಲ್ಲ. ಬಡವರಿಗೂ ಸ್ವಂತ ಮನೆ ಇರಬೇಕು ಅಂತ ಸರ್ಕಾರವೇ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಅನ್ನೋ, ಬ್ಯಾಂಕುಗಳಿಂದ ಮನೆ ಸಾಲ ಕೊಳ್ಳುವ ಸಂಸ್ಥೆಗಳ ಮೇಲೆ ಒತ್ತಡ ಹಾಕಿತು, ಅದರಿಂದಲೇ ಎಲ್ಲ ಕೆಟ್ಟಿತು ಅನ್ನೋದು ಆ ವಾದ. ಬಿಕ್ಕಟ್ಟಿನ ತನಿಖೆಗೆ ನೇಮಿಸಿದ ಹತ್ತು ಜನರ ಆಯೋಗದಲ್ಲಿ ಪೀಟರ್ ವಾಲಿಸನ್ ಅನ್ನೋ ಸದಸ್ಯರು ಇದನ್ನೇ ಪ್ರತ್ಯೇಕವಾಗಿ ಬರೆದರು. ಆ ಎರಡು ಸಂಸ್ಥೆಗಳು ಸಾಚಾ ಅಲ್ಲ, 2008ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅವನ್ನೂ ವಶಕ್ಕೆ ತಗೊಳ್ಳಬೇಕಾಯಿತು. ಆದರೆ ಅತಿ ಕೆಟ್ಟ ಸಾಲಗಳನ್ನು ಕೊಟ್ಟವರು ಹೆಚ್ಚಾಗಿ ಆ ಸರ್ಕಾರಿ ಒತ್ತಡದ ಹೊರಗಿದ್ದ ಖಾಸಗಿ ಕಂಪನಿಗಳು. ಬಡ ಬಡಾವಣೆಗಳಿಗೆ ಸಾಲ ಕೊಡಬೇಕು ಅನ್ನುವ 1977ರ ಕಾನೂನಿಗೂ ದುಬಾರಿ ಬಡ್ಡಿಯ ಸಾಲಗಳಿಗೂ ಸಂಬಂಧ ಇದ್ದದ್ದು 100ಕ್ಕೆ 6ರಲ್ಲಿ ಮಾತ್ರ. ಹಾಗಾಗಿ ಆ ವಾದಕ್ಕೆ ನಾನು ಪಾಸ್ ಮಾರ್ಕ್ಸ್ ಕೊಡಲ್ಲ. ಆಯೋಗದ ಆರು ಜನ ಸಹಿ ಹಾಕಿದ 2011ರ ವರದಿ, ಈ ಬಿಕ್ಕಟ್ಟನ್ನು ತಪ್ಪಿಸಬಹುದಿತ್ತು ಅಂತ ನೇರವಾಗಿ ಹೇಳಿತು.

ಸಾಲ ತಗೊಂಡವರಲ್ಲೂ ಎರಡು ಥರ ಇದ್ದರು. ಫ್ಲೋರಿಡಾ, ನೆವಾಡಾಗಳಲ್ಲಿ ಮೂರು ನಾಲ್ಕು ಮನೆ ಕೊಂಡು ಆರು ತಿಂಗಳಲ್ಲಿ ಮಾರೋಣ ಅಂತ ಹೋದವರಿದ್ದರು. ಅವರು ಬಡವರೂ ಅಲ್ಲ, ಮುಗ್ಧರೂ ಅಲ್ಲ. ಇನ್ನೊಂದು ಕಡೆ, ಮೊದಲ ಎರಡು ವರ್ಷ ಕಡಿಮೆ ಬಡ್ಡಿ, ಆಮೇಲಿನ 28 ವರ್ಷ ಏರುವ ಬಡ್ಡಿ ಅನ್ನೋ ಸಾಲಕ್ಕೆ, ಕೊನೇ ಪುಟದ ಸಣ್ಣ ಅಕ್ಷರ ಓದದೆ ಸಹಿ ಹಾಕಿದವರು. ಕಪ್ಪು ಜನರಿಗೆ, ಹಿಸ್ಪಾನಿಕ್ ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನರಿಗೆ ಅದೇ ಯೋಗ್ಯತೆಯ ಬಿಳಿಯರಿಗಿಂತ ಜಾಸ್ತಿ ಬಡ್ಡಿ, ಜಾಸ್ತಿ ಫೀಸು ಹಾಕಿದರು ಅನ್ನೋ ಆರೋಪದ ಮೇಲೆ ಕಂಟ್ರಿವೈಡ್ ಅನ್ನೋ ಸಾಲ ಕಂಪನಿ 2011ರಲ್ಲಿ 33.5 ಕೋಟಿ ಡಾಲರ್, ವೆಲ್ಸ್ ಫಾರ್ಗೊ 2012ರಲ್ಲಿ 17.5 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡವು. ಕಂಟ್ರಿವೈಡ್‌ನ ಮುಖ್ಯಸ್ಥ ಆಂಜೆಲೊ ಮೊಜಿಲೊ 2006ರಲ್ಲೇ ತಮ್ಮದೇ ಕಂಪನಿಯ ಒಂದು ಸಾಲವನ್ನು ಇಮೇಲಿನಲ್ಲಿ ವಿಷ ಅಂತ ಕರೆದಿದ್ದರು. ಹೊರಗೆ ಬೇರೆಯೇ ಮಾತು.

ನಾನು ಹೊಣೆ ತೂಗುವುದು ಹೀಗೆ. ಗೊತ್ತಿತ್ತಾ? ತಡೆಯುವ ಶಕ್ತಿ ಇತ್ತಾ? ಅದರಿಂದ ಜೇಬು ತುಂಬಿತಾ? ಮೂರಕ್ಕೂ ಹೌದು ಅನ್ನುವವರು ವಾಲ್ ಸ್ಟ್ರೀಟಿನ ಬ್ಯಾಂಕ್ ಮುಖ್ಯಸ್ಥರು, ಸಾಲ ಕಂಪನಿಯ ಮಾಲೀಕರು, ರೇಟಿಂಗ್ ಸಂಸ್ಥೆಯವರು. ಅಧಿಕಾರಿಗಳಿಗೆ, ರಾಜಕಾರಣಿಗಳಿಗೆ ಶಕ್ತಿ ಇತ್ತು, ಎಚ್ಚರಿಕೆಯೂ ಸಿಕ್ಕಿತ್ತು. ಆ ಹೋಟೆಲ್ ಹೆಂಗಸಿಗೆ ಹೆಚ್ಚೆಂದರೆ ತನ್ನ ಸಂಬಳ ಎಷ್ಟು ಅಂತ ಗೊತ್ತಿತ್ತು. ಎಲ್ಲರೂ ಹೊಣೆ ಅಂತ ಸುಮ್ನೆ ಹಂಚಿಬಿಟ್ಟರೆ ಕೇಳೋಕೆ ಚೆನ್ನಾಗಿರುತ್ತೆ, ಆದರೆ ಆಗ ಯಾರನ್ನೂ ಹಿಡಿಯೋಕೆ ಆಗಲ್ಲ. ಆದದ್ದೂ ಅದೇ. ಈ ಬಿಕ್ಕಟ್ಟಿಗೆ ಸಂಬಂಧಿಸಿ ಅಮೆರಿಕದಲ್ಲಿ ಜೈಲಿಗೆ ಹೋದ ವಾಲ್ ಸ್ಟ್ರೀಟ್ ಬ್ಯಾಂಕರ್ ಅಂತ ಸಿಗೋದು ಒಂದೇ ಹೆಸರು, ಕ್ರೆಡಿಟ್ ಸ್ವೀಸ್‌ನ ಕರೀಮ್ ಸೆರಗೆಲ್ದಿನ್. 30 ತಿಂಗಳು. ಪುಟ್ಟ ಐಸ್‌ಲ್ಯಾಂಡ್ ಇಪ್ಪತ್ತಕ್ಕೂ ಹೆಚ್ಚು ಬ್ಯಾಂಕರ್‌ಗಳಿಗೆ ಶಿಕ್ಷೆ ಕೊಟ್ಟಿತು. ಅಮೆರಿಕದಲ್ಲಿ ದಂಡ ಹಾಕಿದರು ನಿಜ, ಜೆಪಿ ಮಾರ್ಗನ್ 1,300 ಕೋಟಿ ಡಾಲರ್, ಬ್ಯಾಂಕ್ ಆಫ್ ಅಮೆರಿಕ 1,665 ಕೋಟಿ. ಆ ದುಡ್ಡು ಹೋದದ್ದು ಷೇರುದಾರರ ಜೇಬಿಂದ. ಅದರಲ್ಲಿ ನಿಮ್ಮಂಥ ಮೇಷ್ಟ್ರುಗಳ ಪಿಂಚಣಿ ನಿಧಿಗಳೂ ಇದ್ದವು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಅಸಮಾನತೆ ಈ ಕಥೆಯಲ್ಲಿ ಕುಸಿತಕ್ಕೆ ಮುಂಚೆಯೂ ಇದೆ, ಆಮೇಲೂ ಇದೆ. ಅಮೆರಿಕದ ಒಟ್ಟು ಆದಾಯದಲ್ಲಿ ಮೇಲಿನ 1 ಪರ್ಸೆಂಟ್ ಜನರ ಪಾಲು 1970ರ ದಶಕದಲ್ಲಿ 100ಕ್ಕೆ 10ಕ್ಕಿಂತ ಕಡಿಮೆ ಇತ್ತು. 2007ರಲ್ಲಿ ಕಾಲುಭಾಗದ ಹತ್ತಿರ ಬಂದಿತ್ತು. ಹಿಂದೆ ಒಮ್ಮೆ ಅಷ್ಟು ಏರಿದ್ದು 1928ರಲ್ಲಿ, ಮರುವರ್ಷ ಏನಾಯಿತು ಅಂತ ನೀವೇ ಮಕ್ಕಳಿಗೆ ಪಾಠ ಮಾಡಿರುತ್ತೀರಿ. ನಮ್ಮ ರಘುರಾಮ್ ರಾಜನ್ ಇದಕ್ಕೆ ಒಂದು ಕಾರಣ ಕೊಡ್ತಾರೆ: ಕೆಳಗಿನವರ ಸಂಬಳ ಏರದೆ ಇದ್ದಾಗ, ಸಂಬಳ ಏರಿಸುವ ಕಷ್ಟದ ಕೆಲಸ ಬಿಟ್ಟು ರಾಜಕಾರಣಿಗಳು ಸಾಲ ಸಿಗೋದನ್ನು ಸಲೀಸು ಮಾಡಿದರು. ಸಂಬಳದ ಬದಲು ಸಾಲ. ನನಗೆ ಇದು ಬಹಳ ಮಟ್ಟಿಗೆ ಸರಿ ಅನ್ನಿಸುತ್ತೆ. ಇದೇ ರಾಜನ್ 2005ರಲ್ಲಿ ಅಮೆರಿಕದ ಜಾಕ್ಸನ್ ಹೋಲ್‌ನಲ್ಲಿ ಕೇಂದ್ರ ಬ್ಯಾಂಕುಗಳವರು ಸೇರಿದ ಸಭೆಯಲ್ಲಿ, ಬ್ಯಾಂಕುಗಳ ಬೋನಸ್ ಪದ್ಧತಿ ಅಪಾಯ ತರುತ್ತೆ ಅಂತ ಎಚ್ಚರಿಸಿದಾಗ ಅಲ್ಲಿದ್ದ ದೊಡ್ಡವರು ಅದನ್ನು ತಳ್ಳಿಹಾಕಿದ್ದರು.

ಪೆಟ್ಟು ಬಿದ್ದಾಗಲೂ ಸಮನಾಗಿ ಬೀಳಲಿಲ್ಲ. ಬಡವರ ಆಸ್ತಿ ಅಂದರೆ ಇದ್ದದ್ದು ಮನೆ ಒಂದೇ, ಬಿದ್ದದ್ದು ಮನೆ ಬೆಲೆಯೇ. 2005ರಿಂದ 2009ರ ಒಳಗೆ ನಡುಮಟ್ಟದ ಹಿಸ್ಪಾನಿಕ್ ಕುಟುಂಬದ ಆಸ್ತಿ 100ಕ್ಕೆ 66, ಕಪ್ಪು ಕುಟುಂಬದ್ದು 53, ಬಿಳಿಯರದ್ದು 16 ಕರಗಿತು. ಕೆಲಸ ಕಳಕೊಂಡವರು ಸುಮಾರು 87 ಲಕ್ಷ. ಮೇಲೇಳುವಾಗ? ಕೇಂದ್ರ ಬ್ಯಾಂಕ್ ಬಾಂಡ್ ಕೊಳ್ಳೋಕೆ ಶುರು ಮಾಡಿತು, ಅದರ ಖಾತೆ 90 ಸಾವಿರ ಕೋಟಿ ಡಾಲರ್ ಇದ್ದದ್ದು 2014ಕ್ಕೆ 4.5 ಲಕ್ಷ ಕೋಟಿಗೆ ಉಬ್ಬಿತು, ಷೇರು ಬೆಲೆ ಮೇಲೆದ್ದಿತು, 2013ರ ಮಾರ್ಚ್ ಹೊತ್ತಿಗೆ ಡೌ ಸೂಚ್ಯಂಕ ಹಳೆಯ ಎತ್ತರ ಮುಟ್ಟಿತು. ಷೇರು ಇದ್ದವರು ಗೆದ್ದರು. ಮನೆ ಕಳಕೊಂಡವನ ಹತ್ತಿರ ಷೇರು ಎಲ್ಲಿಂದ ಬರಬೇಕು? ಬರ್ಕ್ಲಿಯ ಎಮ್ಯಾನುಯೆಲ್ ಸೈಜ್ ಲೆಕ್ಕ ಹಾಕಿದ ಪ್ರಕಾರ 2009ರಿಂದ 2012ರವರೆಗೆ ಏರಿದ ಆದಾಯದಲ್ಲಿ 100ಕ್ಕೆ 95ರಷ್ಟು ಮೇಲಿನ 1 ಪರ್ಸೆಂಟ್ ಜನರಿಗೇ ಹೋಯಿತು.

ಬ್ಯಾಂಕುಗಳನ್ನು ಉಳಿಸಿದ್ದೇ ತಪ್ಪು ಅಂತ ನಾನು ಹೇಳಲ್ಲ. ಬಿಟ್ಟಿದ್ದರೆ ಸಂಬಳ ಹಾಕುವ ಖಾತೆಗಳೇ ನಿಂತುಹೋಗುತ್ತಿದ್ದವು, ಬ್ಯಾಂಕುಗಳಿಗೆ ಕೊಟ್ಟ ದುಡ್ಡು ಲಾಭ ಸಮೇತ ವಾಪಸ್ಸೂ ಬಂತು. ತಪ್ಪು ಇರೋದು ಗಟ್ಟಿ ಷರತ್ತಿಲ್ಲದೆ ಉಳಿಸಿದ್ದರಲ್ಲಿ. ಎಐಜಿಯನ್ನು ಮುಳುಗಿಸಿದ ಅದೇ ವಿಭಾಗಕ್ಕೆ 2009ರ ಮಾರ್ಚ್‌ನಲ್ಲಿ 16.5 ಕೋಟಿ ಡಾಲರ್ ಬೋನಸ್. ಬೇರ್ ಸ್ಟರ್ನ್ಸ್ ಅನ್ನೋ ಇನ್ನೊಂದು ವಾಲ್ ಸ್ಟ್ರೀಟ್ ಬ್ಯಾಂಕ್, ಲೇಮನ್ ಎರಡೂ ನೆಲಕಚ್ಚಿದವು, ಆದರೆ ಹಾರ್ವರ್ಡ್‌ನ ಲೂಸಿಯನ್ ಬೆಬ್‌ಚುಕ್ ಮತ್ತು ಜೊತೆಗಾರರು ಲೆಕ್ಕ ತೆಗೆದ ಹಾಗೆ, 2000ದಿಂದ 2008ರ ನಡುವೆ ಬೋನಸ್ ಮತ್ತು ಷೇರು ಮಾರಾಟದಿಂದ ಅವುಗಳ ಮೇಲಿನ ಐದೈದು ಜನ ಸುಮಾರು 140 ಕೋಟಿ ಮತ್ತು 100 ಕೋಟಿ ಡಾಲರ್ ಜೇಬಿಗಿಳಿಸಿಕೊಂಡಿದ್ದರು. ಇತ್ತ ಮನೆ ಹರಾಜಿನ ಕಾಗದಪತ್ರಗಳನ್ನು ಓದದೆಯೇ ಸಹಿ ಹಾಕಿ ಜನರನ್ನು ಹೊರಗಟ್ಟಿದ್ದು ಬಯಲಾಗಿ, 2012ರಲ್ಲಿ ಐದು ದೊಡ್ಡ ಬ್ಯಾಂಕುಗಳ ಜೊತೆ 2,500 ಕೋಟಿ ಡಾಲರಿನ ರಾಜಿ ಆಯಿತು. ಆ ರಾಜಿಯಲ್ಲಿ ಮನೆ ಕಳಕೊಂಡ ಒಬ್ಬೊಬ್ಬ ಅರ್ಜಿದಾರರಿಗೆ ಬಂದ ಚೆಕ್ಕು ಸುಮಾರು 1,480 ಡಾಲರ್. ಎಷ್ಟೋ ಊರುಗಳಲ್ಲಿ ಅದು ಒಂದೆರಡು ತಿಂಗಳ ಬಾಡಿಗೆ.

ನಮ್ಮಲ್ಲಿ ಬ್ಯಾಂಕುಗಳು ಬೀಳಲಿಲ್ಲ. ಅದಕ್ಕೆ ಅದೃಷ್ಟ ಸ್ವಲ್ಪ, ಕುಸಿತಕ್ಕೆ ಮುಂಚಿನ ವರ್ಷಗಳಲ್ಲಿ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ವೈ.ವಿ. ರೆಡ್ಡಿಯವರ ಗಟ್ಟಿತನ ಜಾಸ್ತಿ. ಮನೆ, ಜಮೀನು ಸಾಲ ಉಬ್ಬುವುದನ್ನು ಕಂಡು 2005ರ ಹೊತ್ತಿಗೇ ಬ್ಯಾಂಕುಗಳು ಅದಕ್ಕೆ ಜಾಸ್ತಿ ಬಂಡವಾಳ ತೆಗೆದಿಡಬೇಕು ಅಂತ ಬಿಗಿ ಮಾಡಿದರು. ಆಗ ಅವರನ್ನು ಬೈದವರು ಕಡಿಮೆ ಇರಲಿಲ್ಲ. ತಡೆಯುವ ಕುರ್ಚಿಯಲ್ಲಿ ಕೂತವರು ತಡೆಯಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ ಅಲ್ವಾ?

ನನ್ನ ಪಾಲು? ಇದೆ, ಸಣ್ಣದು. ನಮ್ಮ ಪ್ರಾಜೆಕ್ಟ್ 2007ರ ಕೊನೆಗೆ ಮುಚ್ಚಿತು, ಎರಡು ತಿಂಗಳ ಸಂಬಳ ಕೊಟ್ಟು ಕಳಿಸಿದರು. ಆ 9,500ರ ಫೈಲಿಗೆ ಟಿಕ್ ಹಾಕಿದ್ದು ನಾನೇ.

ಅಳಿಯ ಮುಂದಿನ ಸಲ ಫೋನ್ ಮಾಡಿದಾಗ ವಾದ ಮಾಡಬೇಡಿ, ಒಂದೇ ಒಂದು ಕೇಳಿ. ಅವನಿಗೂ ಅಲ್ಲಿ ಮನೆ ಸಾಲ ಇದ್ದರೆ, ಆ ಸಾಲ ಈಗ ಯಾರ ಹತ್ತಿರ ಇದೆ? ಸಾಲ ಕೈ ಬದಲಾಯಿಸಿದರೆ 30 ದಿನದಲ್ಲಿ ಹೊಸ ಮಾಲೀಕರು ಪತ್ರ ಕಳಿಸಬೇಕು ಅಂತ 2009ರಿಂದ ಅಲ್ಲಿ ಕಾನೂನಿದೆ. ಆ ಪತ್ರ ಎಲ್ಲೋ ಡ್ರಾಯರಿನಲ್ಲಿ ಬಿದ್ದಿರಬಹುದು, ಹುಡುಕಿ ನೋಡೋಕೆ ಹೇಳಿ.